ಖಾಸಗಿ ಶಾಲೆಯ ಮಾಸ್ತರಿಕೆ: ಗೌರವವೂ ಬೇಕು, ಕಾಗದವೂ ಬೇಕು



ಏಪ್ರಿಲ್-ಮೇ ತಿಂಗಳು ಬಂತೆಂದರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಲ್ಲಿ ಒಂದು ಪ್ರಕಟಣೆ ತಪ್ಪದೆ ಕಾಣಿಸುತ್ತದೆ: 'ಶಿಕ್ಷಕರು ಬೇಕಾಗಿದ್ದಾರೆ'. ಹಿಂದೆ ಇದು ಝೆರಾಕ್ಸ್ ಅಂಗಡಿಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿರುತ್ತಿತ್ತು. ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಬರುತ್ತದೆ. ಬೇಕಾದ ವಿದ್ಯಾರ್ಹತೆ ಬರೆದಿರುತ್ತಾರೆ, ಶಾಲೆಯ ಹೆಸರು ಬರೆದಿರುತ್ತಾರೆ, ಫೋನ್ ನಂಬರನ್ನೂ ಬರೆದಿರುತ್ತಾರೆ. ಸಂಬಳ ಎಷ್ಟೆಂದು ಮಾತ್ರ ಬರೆದಿರುವುದಿಲ್ಲ. ಆ ಜಾಗದಲ್ಲಿ 'ಅರ್ಹತೆಗೆ ತಕ್ಕ ಆಕರ್ಷಕ ವೇತನ' ಎಂದಿರುತ್ತದೆ.

ಈ ಪ್ರಕಟಣೆ ಓದಿ ಅರ್ಜಿ ಹಿಡಿದು ಹೊರಡುವವರು ಯಾರು? ಬಿ.ಎ., ಬಿ.ಎಸ್‌ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ತರುಣರು, ಬಿ.ಎಡ್. ಅಥವಾ ಡಿ.ಎಲ್.ಎಡ್. ಮಾಡಿ ಸರ್ಕಾರಿ ನೇಮಕಾತಿಗೆ ಕಾಯುತ್ತಿರುವವರು, ಮದುವೆಯಾಗಿ ಈ ಊರುಗಳಿಗೆ ಬಂದ ವಿದ್ಯಾವಂತ ಹೆಣ್ಣುಮಕ್ಕಳು. ಅವರೆಲ್ಲರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಈ ಕೆಲಸಕ್ಕೆ ಸೇರಬೇಕೇ, ಬೇಡವೇ? ಈ ಭಾಷಣದಲ್ಲಿ ಅದರ ಅನುಕೂಲಗಳನ್ನೂ ಅನಾನುಕೂಲಗಳನ್ನೂ ತೂಗಿ ನೋಡೋಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಖಾಸಗಿ ಶಾಲೆ ಎಂದರೆ ಎಲ್ಲವೂ ಒಂದೇ ಅಲ್ಲ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯ ಸಂಬಳವನ್ನು ಸರ್ಕಾರ ಕೊಡುತ್ತದೆ. ಅನುದಾನರಹಿತ ಶಾಲೆಯಲ್ಲಿ ಮಕ್ಕಳು ಕಟ್ಟುವ ಫೀಯೇ ಸಂಬಳದ ಮೂಲ. ಅನುದಾನಿತ ಶಾಲೆಯಲ್ಲೂ ಆಡಳಿತ ಮಂಡಳಿಯೇ ನೇಮಿಸಿಕೊಂಡ ಶಿಕ್ಷಕರಿರುತ್ತಾರೆ. ಅವರ ಸ್ಥಿತಿ ಎರಡನೆಯ ಗುಂಪಿನದೇ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿ ಎಂಬ ಬೇಡಿಕೆ ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ಇದೆ. ಈ ಭಾಷಣದಲ್ಲಿ ನಾನು ಹೇಳುವುದೆಲ್ಲ ಅನುದಾನವಿಲ್ಲದ ಶಾಲೆಯ ಶಿಕ್ಷಕರ ಬಗ್ಗೆ.

ಈಗ ಅನುಕೂಲಗಳನ್ನು ನೋಡೋಣ. ಮೊದಲನೆಯದು, ಕೆಲಸ ಬೇಗ ಸಿಗುತ್ತದೆ ಮತ್ತು ಮನೆಯ ಹತ್ತಿರ ಸಿಗುತ್ತದೆ. ಸರ್ಕಾರಿ ನೇಮಕಾತಿಗೆ ಕಾಯುವುದು ಎಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. 2022ರಲ್ಲಿ 6ರಿಂದ 8ನೇ ತರಗತಿಗಳ 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ನೇಮಕದ ಆದೇಶ ಅಭ್ಯರ್ಥಿಗಳ ಕೈಸೇರುವಾಗ ವರ್ಷದ ಮೇಲಾಗಿತ್ತು. ಅಷ್ಟು ದಿನ ಮನೆಯಲ್ಲಿ ಕೂರುವುದು ಎಷ್ಟು ಮಂದಿಗೆ ಸಾಧ್ಯ? ಮೋಟೆಬೆನ್ನೂರಿನಿಂದ ಬ್ಯಾಡಗಿಗೆ, ಹಲಗೇರಿಯಿಂದ ರಾಣೇಬೆನ್ನೂರಿಗೆ, ಕರ್ಜಗಿಯಿಂದ ಹಾವೇರಿಗೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವ ಅನುಕೂಲ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸಣ್ಣದಲ್ಲ. ತಮ್ಮ ಮಕ್ಕಳಿಗೆ ಅದೇ ಶಾಲೆಯಲ್ಲಿ ಫೀ ರಿಯಾಯಿತಿ ಸಿಗುವುದೂ ಉಂಟು.

ಎರಡನೆಯದು, ಕಲಿಸುವವನೇ ಮೊದಲು ಕಲಿಯುತ್ತಾನೆ. ಇದನ್ನು ನಾನು ಅನುಭವದಿಂದ ಹೇಳಬಲ್ಲೆ. ಟೆಲಿವಿಷನ್ ಕೆಲಸಕ್ಕೆ ಬರುವ ಮುಂಚೆ, ಬಿ.ಎಸ್‌ಸಿ. ಮುಗಿಸಿದ ಹೊಸತರಲ್ಲಿ, ಈ ಮೂರು ಊರುಗಳ ಪೈಕಿ ಒಂದರಲ್ಲಿ ಎರಡು ವರ್ಷ ವಿಜ್ಞಾನದ ಮಾಸ್ತರನಾಗಿದ್ದೆ. ಒಂದು ದಿನ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಮೆಣಸಿನಕಾಯಾಗ ಖಾರ ಇರೋದು ಬೀಜದಾಗೋ, ಸಿಪ್ಪ್ಯಾಗೋ?" ಎಂದು ಕೇಳಿದ. ಅವನ ಮನೆಯವರು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತರುವವರು. ನಾನು ಧೈರ್ಯವಾಗಿ "ಬೀಜದಲ್ಲಿ" ಎಂದುಬಿಟ್ಟೆ. ರಾತ್ರಿ ಪುಸ್ತಕ ತೆಗೆದು ನೋಡಿದರೆ ಉತ್ತರ ತಪ್ಪು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಖಾರ ತಗಲುವುದು ಅದರ ಸಹವಾಸದಿಂದ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಒಂದು ಕಾಯಿಯನ್ನು ಸೀಳಿ ತೋರಿಸಿದೆ. ಮೂರು ವರ್ಷ ಕಾಲೇಜಿನಲ್ಲಿ ಓದಿದ್ದಕ್ಕಿಂತ ಹೆಚ್ಚು ವಿಜ್ಞಾನವನ್ನು ಆ ಎರಡು ವರ್ಷಗಳಲ್ಲಿ ಕಲಿತೆ. ಜನರ ಮುಂದೆ ನಿಂತು ಮಾತನಾಡುವುದು, ಕಷ್ಟದ ವಿಷಯವನ್ನು ಬಿಡಿಸಿ ಹೇಳುವುದು ಇವೂ ಅಲ್ಲಿಂದಲೇ ಬಂದವು. ಯಾವ ಉದ್ಯೋಗಕ್ಕೆ ಹೋದರೂ ಈ ಗಳಿಕೆ ಕೈಬಿಡುವುದಿಲ್ಲ.

ಮೂರನೆಯದು ಗೌರವ. ನಮ್ಮ ಭಾಗದಲ್ಲಿ ಶಿಕ್ಷಕಿಯನ್ನು ಅಕ್ಕೋರು ಎಂದು ಕರೆಯುತ್ತಾರೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ "ಅಕ್ಕೋರು ಬಂದ್ರು" ಎಂದು ಜಾಗ ಬಿಡುತ್ತಾರೆ. ಸರ್ಕಾರಿ ಶಿಕ್ಷಕರಿಗಿರುವ ಗಣತಿ, ಸಮೀಕ್ಷೆಗಳ ಹೊರೆಯೂ ಇಲ್ಲಿ ಕಡಿಮೆ. 2025ರಲ್ಲಿ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಬಹಳ ಮಂದಿ ಇದ್ದರು.

ಇನ್ನು ಅನಾನುಕೂಲಗಳು. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಸಂಬಳ. ಅದು ಕಡಿಮೆ ಏಕೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಸಣ್ಣ ಶಾಲೆಯಲ್ಲಿ 200 ಮಕ್ಕಳಿದ್ದಾರೆ, ವರ್ಷಕ್ಕೆ ತಲಾ 10,000 ರೂಪಾಯಿ ಫೀ ಎಂದು ಇಟ್ಟುಕೊಳ್ಳಿ. ಎಲ್ಲರೂ ಕಟ್ಟಿದರೆ 20 ಲಕ್ಷ. ಒಂಬತ್ತು ಶಿಕ್ಷಕರಿಗೆ ತಿಂಗಳಿಗೆ 12,000ದಂತೆ ಹನ್ನೆರಡು ತಿಂಗಳು ಕೊಟ್ಟರೆ 12 ಲಕ್ಷ 96 ಸಾವಿರ. ಭವಿಷ್ಯ ನಿಧಿಯ ಆಡಳಿತದ ಪಾಲು ಸೇರಿಸಿದರೆ ಹದಿನಾಲ್ಕೂವರೆ ಲಕ್ಷ. ಉಳಿದ ಐದೂವರೆ ಲಕ್ಷದಲ್ಲಿ ಕಟ್ಟಡದ ಬಾಡಿಗೆ, ವಿದ್ಯುತ್ತು, ಗುಮಾಸ್ತ, ಆಯಾ, ರಿಪೇರಿ ಎಲ್ಲವೂ ನಡೆಯಬೇಕು. ಅಂದರೆ ಸಣ್ಣ ಶಾಲೆಯ ಆಡಳಿತದವರ ಕಷ್ಟವೂ ಸುಳ್ಳಲ್ಲ. ರಾಣೇಬೆನ್ನೂರಿನಲ್ಲಿ ಅಂಥ ಒಬ್ಬರು ನನಗೆ ಹೇಳಿದರು: "ಹತ್ತಿ, ಗೋವಿನಜೋಳ ಮಾರಿ ರೊಕ್ಕಾ ಬಂದ ಮ್ಯಾಲ ಫೀ ಕಟ್ತಾರ್ರೀ. ಅಲ್ಲೀತನಕ ನಾ ಎಲ್ಲಿಂದ ತರ್ಲಿ?" ಮಳೆ ಕೈಕೊಟ್ಟ ವರ್ಷ ಶಾಲೆಯ ಸಂಬಳವೂ ಕೈಕೊಡುವುದು ಹೀಗೆ. ಆದರೆ ನೂರಾರು ಮಕ್ಕಳು, ಸಾಲು ಸಾಲು ವ್ಯಾನುಗಳು, ವರ್ಷಕ್ಕೊಂದು ಹೊಸ ಕಟ್ಟಡ ಇರುವ ಶಾಲೆಯೂ ಇದೇ ಮಾತನ್ನು ಹೇಳಿದರೆ ಅದನ್ನು ಒಪ್ಪುವುದು ಕಷ್ಟ.

ಬೇಸಿಗೆ ರಜೆಯ ಸಂಬಳ ಕೊಡದೆ ಹತ್ತೇ ತಿಂಗಳಿಗೆ ಲೆಕ್ಕ ಮುಗಿಸುವುದು, ಆ ರಜೆಯಲ್ಲಿಯೇ ಪ್ರವೇಶಕ್ಕಾಗಿ ಹಳ್ಳಿಹಳ್ಳಿ ತಿರುಗಿ ಮಕ್ಕಳನ್ನು ಕರೆತರಲು ಹೇಳುವುದು, ವ್ಯಾನಿನ ಜೊತೆ ಕಳಿಸುವುದು ಇವೂ ಹಲವು ಕಡೆ ಇವೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯು ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುವಾಗ, ಪಾಠದ ಸಿದ್ಧತೆಯನ್ನೂ ಅದರೊಳಗೇ ಸೇರಿಸಿದೆ. ಸಿದ್ಧತೆಯೂ ಕೆಲಸವೇ ಎಂಬ ಈ ಮಾತು ವೇಳಾಪಟ್ಟಿ ಹಾಕುವವರ ನೆನಪಿನಲ್ಲಿರಬೇಕು. ದಿನಕ್ಕೆ ಎಂಟು ಅವಧಿಯೂ ಪಾಠ ಮಾಡುವ ಶಿಕ್ಷಕ ಯಾವಾಗ ಓದಬೇಕು?

ಆದರೆ ಮಿತ್ರರೆ, ನನ್ನ ಅಭಿಪ್ರಾಯದಲ್ಲಿ ಕಡಿಮೆ ಸಂಬಳಕ್ಕಿಂತಲೂ ದೊಡ್ಡ ನಷ್ಟ ಬೇರೊಂದಿದೆ. ದುಡಿದದ್ದಕ್ಕೆ ದಾಖಲೆ ಇಲ್ಲದಿರುವುದೇ ಆ ನಷ್ಟ. ಬ್ಯಾಡಗಿಯ ಅಕ್ಕೋರೊಬ್ಬರು ಹನ್ನೊಂದು ವರ್ಷ ಪಾಠ ಮಾಡಿದವರು. ಅವರು ಹೇಳಿದ್ದು ಇಷ್ಟೇ: "ಸರ್, ಊರಾಗಿನ ಮಂದಿ ಎಲ್ಲಾರೂ ನನಗ ನಮಸ್ಕಾರ ಮಾಡ್ತಾರ. ಬ್ಯಾಂಕಿನ್ಯಾಗ ಸಾಲ ಕೇಳಾಕ ಹ್ವಾದ್ರ ಸಂಬಳದ ಚೀಟಿ ಕೇಳ್ತಾರ. ಅದು ನನ್ನ ಕಡೆ ಇಲ್ರೀ." ಸಂಬಳವನ್ನು ಕೈಯಲ್ಲಿ ಕೊಡುತ್ತಿದ್ದರು. ನೇಮಕದ ಆದೇಶ ಇರಲಿಲ್ಲ. ಹನ್ನೊಂದು ವರ್ಷಗಳ ಸೇವೆಗೆ ಮಕ್ಕಳ ಜೊತೆ ತೆಗೆಸಿಕೊಂಡ ಫೋಟೋಗಳ ಹೊರತು ಬೇರೆ ಸಾಕ್ಷಿ ಇರಲಿಲ್ಲ.

ಇದರ ಬೆಲೆ ಎಷ್ಟೆಂದು ಕೊರೊನಾ ಕಾಲದಲ್ಲಿ ಎಲ್ಲರಿಗೂ ತಿಳಿಯಿತು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. 1ರಿಂದ 5ನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಅವಧಿಯಲ್ಲಿ ಎಷ್ಟೋ ಶಿಕ್ಷಕರು ಹೊಲದ ಕೆಲಸಕ್ಕೆ, ತರಕಾರಿ ವ್ಯಾಪಾರಕ್ಕೆ ಇಳಿದರು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲಾ ಶಿಕ್ಷಕರಿಗೆ ಒಂದು ಸಲದ 5,000 ರೂಪಾಯಿ ನೆರವು ಘೋಷಿಸಿತು. ಅದು ಸಿಗಬೇಕಾದರೂ ಇಲಾಖೆಯ ದಾಖಲೆಯಲ್ಲಿ ಶಿಕ್ಷಕರ ಹೆಸರು ಇರಬೇಕಿತ್ತು.

ನನ್ನದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲಸಕ್ಕೆ ಸೇರುವಾಗ ನನ್ನ ಮೂಲ ಅಂಕಪಟ್ಟಿಗಳನ್ನು ಆಡಳಿತದವರು ತೆಗೆದುಕೊಂಡರು. 'ನಮ್ಮಲ್ಲಿ ಇದೇ ಪದ್ಧತಿ' ಎಂದರು, ನಾನೂ ಕೊಟ್ಟೆ. ಎರಡನೆಯ ವರ್ಷ ಟೆಲಿವಿಷನ್ ಕೆಲಸದ ಸಂದರ್ಶನಕ್ಕೆ ಕರೆ ಬಂದಾಗ ಅವುಗಳನ್ನು ಕೇಳಿದೆ. ವರ್ಷ ಮುಗಿಯುವವರೆಗೆ ಕೊಡುವುದಿಲ್ಲ ಎಂದರು. ನಾಲ್ಕು ದಿನ ಕಚೇರಿಯ ಬಾಗಿಲಲ್ಲಿ ನಿಂತೆ. ಕೊನೆಗೆ ಊರಿನ ಹಿರಿಯರೊಬ್ಬರು ಬಂದು ಮಾತನಾಡಿ, ಎರಡು ತಿಂಗಳ ಸಂಬಳ ಬಿಟ್ಟುಕೊಡುತ್ತೇನೆಂದು ನಾನು ಬರೆದುಕೊಟ್ಟ ಮೇಲೆ ಅಂಕಪಟ್ಟಿಗಳು ಕೈಗೆ ಬಂದವು. ಆ ರಾತ್ರಿಯೇ ರೈಲು ಹತ್ತಿದೆ. ಎರಡು ತಿಂಗಳ ಸಂಬಳಕ್ಕಿಂತ ನನಗೆ ಹೆಚ್ಚು ನೋವಾದದ್ದು, ಮಕ್ಕಳಿಗೆ ಹೇಳದೆ ಬಂದದ್ದು. ಬೆಳಕಿನ ಪಾಠ ಅರ್ಧಕ್ಕೇ ನಿಂತಿತ್ತು.

ಹೀಗೆ ಬಿಟ್ಟುಕೊಡಲು ಹೇಳುವಾಗ ಬಳಕೆಯಾಗುವ ಒಂದು ಮಾತು 'ಸೇವೆ'. "ಇದು ನೌಕರಿ ಅಲ್ಲ, ಸೇವೆ" ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಈ ಮಾತಿಗೆ ನಿಜವಾದ ಇತಿಹಾಸವಿದೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಜನ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತಾರೆ. ಒಂದು ಶಾಲೆಯಿಂದ ಆರಂಭವಾದ ಆ ಸಂಸ್ಥೆಯ ಕಾಲೇಜು ಗುದ್ಲೆಪ್ಪ ಹಳ್ಳಿಕೇರಿ ಅವರ ಹೆಸರಿನಲ್ಲಿ ಹಾವೇರಿಯಲ್ಲಿಯೂ ಇದೆ. ಆ ಹಿರಿಯರು ತ್ಯಾಗ ಮಾಡಿದರು, ಸರಿ. ಆದರೆ ಅವರು ತಾವೇ ದುಡಿದು, ತಾವೇ ತ್ಯಾಗ ಮಾಡಿದರು. ದುಡಿಯುವವನು ತಾನಾಗಿ ಬಿಟ್ಟುಕೊಟ್ಟರೆ ಅದು ಸೇವೆ. ಅವನಿಂದ ಕಿತ್ತುಕೊಂಡು ಅದಕ್ಕೆ ಸೇವೆ ಎಂದು ಹೆಸರಿಟ್ಟರೆ ಹೇಗೆ?

ಕಾನೂನು ಏನು ಹೇಳುತ್ತದೆ ಎಂಬುದನ್ನು ಈಗ ನೋಡೋಣ. ಕಾರ್ಖಾನೆಯ ಕಾರ್ಮಿಕರಂತೆ ಶಿಕ್ಷಕರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಶಿಕ್ಷಕರು ಆ ಅರ್ಥದ ಕಾರ್ಮಿಕರಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಹಾಗೆಂದು ಕೇಳುವವರೇ ಇಲ್ಲ ಎಂದಲ್ಲ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಪ್ರಕಾರ, ಅದಕ್ಕೆ ಒಳಪಟ್ಟ ಖಾಸಗಿ ಶಾಲೆ ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ. ವಜಾ ಮಾಡಿದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅದನ್ನು ವಿಚಾರಿಸುತ್ತಾರೆ.

ಎರಡನೆಯದು ಭವಿಷ್ಯ ನಿಧಿ, ಅಂದರೆ ಪಿ.ಎಫ್. ಶಿಕ್ಷಣ ಸಂಸ್ಥೆಗಳು 1982ರಿಂದಲೇ ಇದರ ವ್ಯಾಪ್ತಿಗೆ ಬಂದಿವೆ. ಶಿಕ್ಷಕರು, ಗುಮಾಸ್ತರು, ಆಯಾ, ಚಾಲಕರು ಎಲ್ಲ ಸೇರಿ ಇಪ್ಪತ್ತು ಮಂದಿ ಇದ್ದರೆ ಪಿ.ಎಫ್. ಕಡ್ಡಾಯ. ಸಂಬಳ 12,000 ಇದ್ದರೆ ನಿಮ್ಮ ಪಾಲು ಶೇಕಡಾ 12, ಅಂದರೆ 1,440 ರೂಪಾಯಿ, ಆಡಳಿತದ್ದೂ ಅಷ್ಟೇ. ಆಡಳಿತದ ಪಾಲಿನಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. ಹತ್ತು ವರ್ಷ ಸೇವೆ ತುಂಬಿದರೆ ಮುಂದೆ ಪಿಂಚಣಿಗೆ ಅರ್ಹತೆ ಬರುತ್ತದೆ. ಎರಡೂ ಪಾಲುಗಳನ್ನು ಶಿಕ್ಷಕರ ಸಂಬಳದಿಂದಲೇ ಕತ್ತರಿಸುವುದು ಕಾನೂನಿಗೆ ವಿರುದ್ಧ.

ಮೂರನೆಯದು ಗ್ರಾಚ್ಯುಟಿ. ಇದರ ಕಥೆ ದೊಡ್ಡದು. 2004ರಲ್ಲಿ ಸುಪ್ರೀಂ ಕೋರ್ಟ್, 1972ರ ಗ್ರಾಚ್ಯುಟಿ ಕಾಯ್ದೆ ಶಿಕ್ಷಕರಿಗೆ ಅನ್ವಯಿಸುವುದಿಲ್ಲ ಎಂದಿತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಜಾರಿಯಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಗ್ರಾಚ್ಯುಟಿಯನ್ನು ಉಳಿಸಿಕೊಂಡಿದೆ. ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ವರ್ಷಕ್ಕೆ ಹದಿನೈದು ದಿನಗಳ ಸಂಬಳ, ತಿಂಗಳಿಗೆ 26 ದಿನಗಳೆಂದು ಲೆಕ್ಕ. ಕೊನೆಯ ಸಂಬಳ 12,000, ಸೇವೆ ಹತ್ತು ವರ್ಷ ಎಂದಾದರೆ ಬರಬೇಕಾದದ್ದು ಸುಮಾರು 69,230 ರೂಪಾಯಿ. ಬ್ಯಾಡಗಿಯ ಆ ಅಕ್ಕೋರ ಹನ್ನೊಂದು ವರ್ಷಗಳನ್ನು ಈಗ ನೆನೆಸಿಕೊಳ್ಳಿ. ಹಕ್ಕು ಪುಸ್ತಕದಲ್ಲಿ ಇದೆ. ಅದನ್ನು ಕೇಳಲು ಕೈಯಲ್ಲಿ ಕಾಗದ ಇಲ್ಲ.

ಅರ್ಹತೆಯ ವಿಷಯದಲ್ಲಿಯೂ ಎಚ್ಚರ ಬೇಕು. ತರಬೇತಿ ಇಲ್ಲದೆ ಕೆಲಸಕ್ಕೆ ಸೇರಿದ್ದವರಿಗೆ 2019ರ ಮಾರ್ಚ್ 31ರೊಳಗೆ ತರಬೇತಿ ಪಡೆಯಲು ಅವಕಾಶ ಕೊಡಲಾಗಿತ್ತು. ನನ್ನ ಹಾಗೆ ಬರೀ ಪದವಿ ಹಿಡಿದು ಬರುವ ಕಾಲ ಮುಗಿದಿದೆ. 1ರಿಂದ 8ನೇ ತರಗತಿಗೆ ಕಲಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಬೇಕು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಲ್ಲದ ಶಾಲೆಗಳಲ್ಲಿ ಸೇವೆಯಲ್ಲಿದ್ದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರೂ ಎರಡು ವರ್ಷಗಳೊಳಗೆ ಇದನ್ನು ಪಾಸು ಮಾಡಬೇಕು ಎಂದು ಹೇಳಿತು.

ಹಾಗಾದರೆ ಸೇರಬೇಕೇ, ಬೇಡವೇ? ಕಲಿಸುವುದರಲ್ಲಿ ನಿಮಗೆ ಮನಸ್ಸಿದ್ದರೆ ಸೇರಿ ಎಂದೇ ನಾನು ಹೇಳುತ್ತೇನೆ. ಆದರೆ ಮೊದಲ ದಿನವೇ ಐದು ಕೆಲಸ ಮಾಡಿ. ಒಂದು, ಹುದ್ದೆ, ಸಂಬಳ, ಬೇಸಿಗೆ ರಜೆಯ ಸಂಬಳ, ಕೆಲಸ ಬಿಡಲು ಕೊಡಬೇಕಾದ ನೋಟಿಸಿನ ಅವಧಿ ಇವೆಲ್ಲ ಇರುವ ನೇಮಕ ಆದೇಶವನ್ನು ಕೇಳಿ ಪಡೆಯಿರಿ. ಎರಡು, ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಪಾಸ್‌ಬುಕ್ಕಿನ ನಮೂದು ಸುಲಭವಾಗಿ ಅಳಿಸದ ಸಾಕ್ಷಿ. ಪಡೆದದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಎಂದೂ ಸಹಿ ಹಾಕಬೇಡಿ. ಮೂರು, ಪಿ.ಎಫ್. ಸಂಖ್ಯೆ ಪಡೆದು, ಹಣ ಜಮಾ ಆಗಿದೆಯೇ ಎಂದು ಮೊಬೈಲಿನಲ್ಲಿಯೇ ಆಗಾಗ ನೋಡಿ. ನಾಲ್ಕು, ಮೂಲ ಅಂಕಪಟ್ಟಿಗಳನ್ನು ತೋರಿಸಿ, ದೃಢೀಕರಿಸಿದ ನಕಲು ಕೊಡಿ. ಮೂಲ ಪ್ರತಿ ಒತ್ತೆ ಇಡುವ ವಸ್ತುವಲ್ಲ. ಐದು, ಪ್ರತಿವರ್ಷ ಮಾರ್ಚ್ ಕೊನೆಗೆ ಸೇವಾ ಪ್ರಮಾಣಪತ್ರ ಬರೆಸಿಕೊಂಡು ಒಂದು ಕಡತದಲ್ಲಿಡಿ.

"ಇಷ್ಟೆಲ್ಲ ಕೇಳಿದರೆ ಕೆಲಸವೇ ಕೊಡುವುದಿಲ್ಲ" ಎನ್ನುವಿರಿ. ಆ ಭಯ ನನಗೆ ಅರ್ಥವಾಗುತ್ತದೆ. ನಾನೂ ಅದೇ ಭಯದಿಂದ ಅಂಕಪಟ್ಟಿ ಕೊಟ್ಟವನು. ಒಬ್ಬರೇ ಕೇಳುವುದು ಕಷ್ಟವೆನಿಸಿದರೆ, ಅದೇ ಶಾಲೆಯ ನಾಲ್ಕಾರು ಶಿಕ್ಷಕರು ಕೂಡಿ, ಜಗಳದ ದನಿಯಲ್ಲಿ ಅಲ್ಲ, ನಯವಾಗಿ ಕೇಳಿ. ಜೂನ್ ಮೊದಲ ವಾರ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಮಾಸ್ತರು ಸಿಗದೆ ಆಡಳಿತದವರೂ ಪರದಾಡುತ್ತಾರೆ. ಕೇಳಲು ಅದೇ ಸರಿಯಾದ ಸಮಯ. ಎಲ್ಲವೂ ಒಂದೇ ದಿನ ಸಿಗದಿದ್ದರೆ ಬ್ಯಾಂಕ್ ಸಂಬಳದಿಂದ ಆರಂಭಿಸಿ.

ಆಡಳಿತ ಮಂಡಳಿಯವರಿಗೂ ಒಂದು ಮಾತು. ಒಂದು ನೇಮಕ ಆದೇಶಕ್ಕೆ ಖರ್ಚಾಗುವುದು ಒಂದು ಹಾಳೆ. ಅದು ಕೈಯಲ್ಲಿದ್ದರೆ ಶಿಕ್ಷಕರು ವರ್ಷದ ನಡುವೆ ಹೇಳದೆ ಹೋಗುವುದು ಕಡಿಮೆಯಾಗುತ್ತದೆ, ಬೆಳಕಿನ ಪಾಠ ಅರ್ಧಕ್ಕೆ ನಿಲ್ಲುವುದಿಲ್ಲ. ಪಾಲಕರೂ ಶಾಲೆ ನೋಡಲು ಹೋದಾಗ ಬಸ್ಸು, ಬೂಟು, ಕಂಪ್ಯೂಟರ್ ಕೊಠಡಿ ನೋಡಿದ ಮೇಲೆ ಇನ್ನೊಂದನ್ನು ವಿಚಾರಿಸಲಿ: ನಮ್ಮ ಮಗುವಿನ ಅಕ್ಕೋರು ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಆ ಉತ್ತರದಿಂದ ಶಾಲೆಯ ಗುಣ ಬಹಳಷ್ಟು ತಿಳಿಯುತ್ತದೆ.

ಬ್ಯಾಡಗಿಯ ಆ ಅಕ್ಕೋರನ್ನು ಇತ್ತೀಚೆಗೆ ಮತ್ತೆ ಕಂಡೆ. ಬೇರೆ ಶಾಲೆಗೆ ಸೇರಿದ್ದಾರೆ. ಸಂಬಳ ಮೊದಲಿಗಿಂತ ಐನೂರು ರೂಪಾಯಿ ಕಡಿಮೆಯೇ. ಆದರೆ ಬ್ಯಾಂಕಿಗೆ ಬರುತ್ತದೆ, ಪಿ.ಎಫ್. ಕಟ್ಟುತ್ತಾರೆ. ಕೈಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ನೇಮಕ ಆದೇಶ ತೆಗೆದು ತೋರಿಸಿ, "ನೋಡ್ರಿ ಸರ್, ಈಗ ನಾ ಖರೇನ ಅಕ್ಕೋರು" ಎಂದು ನಕ್ಕರು. ಹನ್ನೊಂದು ವರ್ಷ ಪಾಠ ಮಾಡಿದವರು ಹೀಗೆ ಹೇಳಬೇಕಾಗಿ ಬಂದದ್ದು ನಮ್ಮೆಲ್ಲರ ಪಾಲಿನ ಕೊರತೆ. ಈ ಏಪ್ರಿಲ್-ಮೇ ತಿಂಗಳಲ್ಲಿ ಅರ್ಜಿ ಹಿಡಿದು ಹೊರಡುವ ನೀವು, ಆ ಕಾಗದವನ್ನು ಮೊದಲ ದಿನವೇ ಕೇಳಿ ಪಡೆಯಿರಿ.